ದುಬೈಗೆ ಹೊರಟ ಅಮ್ಮನಿಗೊಂದು ಸ್ವೆಟರ್

ಮೊನ್ನೆ ದುಬೈಯ ಅಲ್ ನಹ್ದಾದಲ್ಲಿರೋ ಗೆಳೆಯನೊಬ್ಬ ಫೋನ್ ಮಾಡಿದ್ದ. ಹೆಂಡತಿಗೆ ಹೆರಿಗೆಯಾಗಿ ತಿಂಗಳಾಗಿದೆ, ರಜೆ ಮುಗೀತಾ ಬಂತು, ಮಗು ನೋಡ್ಕೊಳ್ಳೋಕೆ ಊರಿಂದ ಅಮ್ಮ ಬರ್ತಿದ್ದಾರೆ. "ಅಮ್ಮ ಸ್ವೆಟರ್ ತರ್ಲಾ ಅಂತ ಕೇಳ್ತಿದ್ದಾರೆ ಮಾರಾಯ, ಜುಲೈ ತಿಂಗಳಲ್ಲಿ ದುಬೈಗೆ ಸ್ವೆಟರ್! ನಗು ಬಂತು ನಂಗೆ" ಅಂದ.

ನಂಗೆ ನಗು ಬರ್ಲಿಲ್ಲ. "ತರ್ಲಿಕ್ಕೆ ಹೇಳು. ಎರಡು ಜೊತೆ ಕಾಲುಚೀಲಾನೂ ತರ್ಲಿಕ್ಕೆ ಹೇಳು" ಅಂದೆ. ಅವನು ತಮಾಷೆ ಅಂದ್ಕೊಂಡ. ಆಮೇಲೆ ಅರ್ಧ ಗಂಟೆ ಮಾತಾಡಿದ್ವಿ. ಆ ಅರ್ಧ ಗಂಟೆಯ ಮಾತನ್ನೇ ಇಲ್ಲಿ ಬರೀತಿದ್ದೇನೆ. ಕೊಲ್ಲಿಯಲ್ಲಿ ಮಕ್ಕಳ ಮನೆಗೆ ಹೊರಟಿರೋ ಅಪ್ಪ ಅಮ್ಮಂದಿರಿಗೂ, ಅವರನ್ನು ಕರೆಸಿಕೊಳ್ಳೋ ಮಕ್ಕಳಿಗೂ ಉಪಯೋಗಕ್ಕೆ ಬರಬಹುದು.

ಇಲ್ಲಿನ ಸೆಕೆಯ ಬಗ್ಗೆ ಎಲ್ಲರಿಗೂ ಗೊತ್ತು. 2025ರ ಆಗಸ್ಟ್ 1ರಂದು ಅಲ್ ಐನ್ ಕಡೆಯ ಸ್ವೈಹಾನಿನಲ್ಲಿ 51.8 ಡಿಗ್ರಿ ಆಗಿತ್ತು. ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಕಾನೂನೇ ಇದೆ. ಆದ್ರೆ ಇಲ್ಲಿನ ಚಳಿಯ ಬಗ್ಗೆ ಊರಲ್ಲಿ ಯಾರೂ ಹೇಳೋದಿಲ್ಲ. ಡಿಸೆಂಬರ್ ಚಳಿ ಅಲ್ಲ ನಾನು ಹೇಳೋದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯ ಒಳಗಿರೋ ಚಳಿ.

ನಾನು ಆ ಚಳಿಗೆ ಮೊದಲು ಸಿಕ್ಕಿಬಿದ್ದಿದ್ದು 2006ರಲ್ಲಿ, ದುಬೈಯ ಕರಾಮಾದಲ್ಲಿ. ಕೆಲಸ ಹುಡುಕ್ಕೊಂಡು ಬಂದಿದ್ದೆ. ಪರಿಚಯದವರೊಬ್ಬರ ದಯೆಯಿಂದ ಅವರ ರೂಮಿನಲ್ಲಿ ಒಂದು ಮಂಚದ ಜಾಗ. ಆರು ಜನರ ರೂಮು, ಒಂದು ಕಿಟಕಿ ಎಸಿ. ಬೆಡ್ ಸ್ಪೇಸ್‌ನಲ್ಲಿ ಇದ್ದವರಿಗೆಲ್ಲ ಗೊತ್ತಿರೋ ನಿಯಮ ಒಂದಿದೆ: ಹೊಸಬನಿಗೆ ಯಾರಿಗೂ ಬೇಡದ ಮಂಚ. ನನ್ನದು ಎಸಿಯ ಬಾಯಿಗೆ ಸರಿಯಾಗಿ ಎದುರು. ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಪ್ಯಾಂಟಿನ ಮೇಲೆ ಲುಂಗಿ ಸುತ್ತಿ, ಅಮ್ಮ ಕೊಟ್ಟಿದ್ದ ಬೈರಾಸು ತಲೆಗೆ ಕಟ್ಟಿ ಮಲಗ್ತಿದ್ದೆ. ಬಾಡಿಗೆ ಇನ್ನೂ ಕೊಟ್ಟಿರ್ಲಿಲ್ಲ. ಬಾಡಿಗೆ ಕೊಡದೆ ಎಸಿ ಕಮ್ಮಿ ಮಾಡಿ ಅಂತ ಹೇಳೋದು ಹೇಗೆ? ಹಾಗೆ ಹತ್ತು ದಿನ ಕಳೀತು. ಹನ್ನೊಂದನೇ ದಿನ ಕೆಮ್ಮು ಶುರುವಾದಾಗ ಪಕ್ಕದ ಮಂಚದ ಭಟ್ಕಳದ ಹಿರಿಯರೊಬ್ಬರು ಕೇಳಿದ್ರು, "ಅರೆ, ಹತ್ತು ದಿನದಿಂದ ನಡುಗ್ತಾ ಇದೀಯಾ? ಬಾಯಿ ಇಲ್ವಾ ನಿಂಗೆ?" ಅಷ್ಟು ಹೇಳಿ, ಬಿಸ್ಕತ್ತಿನ ರಟ್ಟು ಕತ್ತರಿಸಿ ಎಸಿಯ ಬಾಯಿಗೆ ಓರೆಯಾಗಿ ಸಿಕ್ಕಿಸಿದ್ರು. ಗಾಳಿ ಮೇಲೆ ಹೋಯ್ತು. ಎರಡು ನಿಮಿಷದ ಕೆಲಸ.

ಅವತ್ತು ನಾನು ಒಂದು ಪಾಠ ಕಲಿತೆ ಅಂದ್ಕೊಂಡಿದ್ದೆ. ಕಲಿತಿರ್ಲಿಲ್ಲ ಅಂತ ಗೊತ್ತಾಗಿದ್ದು ಹನ್ನೆರಡು ವರ್ಷ ಆದ್ಮೇಲೆ.

2018. ನಾವಾಗ ಅಬುಧಾಬಿಗೆ ಬಂದಾಗಿತ್ತು. ಮಗಳು ಹುಟ್ಟಿದ್ದು ಜೂನ್‌ನಲ್ಲಿ. ಆಗಿನ ಕಾನೂನಿನಂತೆ ಖಾಸಗಿ ಕಂಪನಿಯಲ್ಲಿ ಹೆರಿಗೆ ರಜೆ ಬರೀ 45 ದಿನ. (2022ರ ಫೆಬ್ರವರಿಯಿಂದ ಅದು 60 ದಿನ ಆಗಿದೆ, 45 ಪೂರ್ತಿ ಸಂಬಳ, 15 ಅರ್ಧ ಸಂಬಳ.) ಒಂದೂವರೆ ತಿಂಗಳ ಮಗುವನ್ನು ಯಾರ ಕೈಗೆ ಕೊಡೋದು? ನಮ್ಮಂಥ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆಗೆ ಇರೋದು ಒಂದೇ ಉತ್ತರ, ಅಜ್ಜಿ. ಪುತ್ತೂರು ಕಡೆಯ ಹಳ್ಳಿಯಿಂದ ನನ್ನಮ್ಮ ವಿಸಿಟ್ ವೀಸಾದಲ್ಲಿ ಬಂದ್ಳು. ಒಂದು ಪೆಟ್ಟಿಗೆ ತುಂಬಾ ಕುಚ್ಚಲಕ್ಕಿ, ಹಪ್ಪಳ, ಓಲೆಬೆಲ್ಲ, ಮಗುವಿಗೆ ತಾನೇ ಹೆಣೆದ ಉಲ್ಲನ್ ಟೊಪ್ಪಿ. ತನಗೆ ಅಂತ ನಾಲ್ಕು ಹತ್ತಿ ಸೀರೆ. ದುಬೈ ಅಂದ್ರೆ ಸೆಕೆ ಅಲ್ವಾ!

ಬಂದ ದಿನವೇ ಮನೆ ತೋರಿಸ್ತಾ ನಾನು ಒಂದು ಮಾತು ಹೇಳಿದ್ದೆ. "ಅಮ್ಮ, ಈ ಎಸಿಯದ್ದು ಮಾತ್ರ ಮುಟ್ಲಿಕ್ಕೆ ಹೋಗ್ಬೇಡ. ಬಂದ್ ಮಾಡಿದ್ರೆ ಮನೆಯೆಲ್ಲ ಬೂಷ್ಟು ಹಿಡೀತದೆ, ಮಗುವಿಗೆ ಬೆವರುಸಾಲೆ ಆಗ್ತದೆ." ಹೇಳಿದ್ದು ಸುಳ್ಳೇನೂ ಅಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಇಲ್ಲಿ ಗಾಳಿಯಲ್ಲಿ ಅಷ್ಟು ತೇವ ಇರ್ತದೆ, ಎಸಿ ನಿಲ್ಲಿಸಿ ವಾರ ಊರಿಗೆ ಹೋಗಿ ಬಂದ್ರೆ ಬೀರುವಿನಲ್ಲಿರೋ ಚಪ್ಪಲಿಗೆ ಬೂಷ್ಟು ಬಂದಿರ್ತದೆ. ಆದ್ರೆ ಅಮ್ಮನ ಕಿವಿಗೆ ಬಿದ್ದಿದ್ದು "ಮುಟ್ಬೇಡ" ಅನ್ನೋದೊಂದೇ.

ನಮ್ಮ ಬಿಲ್ಡಿಂಗಿನಲ್ಲಿ ಎಸಿ ಅಂದ್ರೆ ಊರಿನ ಹಾಗೆ ಗೋಡೆಗೆ ಹಾಕಿದ ಪೆಟ್ಟಿಗೆ ಅಲ್ಲ. ಇಲ್ಲಿ ಹಲವು ಕಡೆ ದೊಡ್ಡ ಕಾರ್ಖಾನೆಯಂಥ ಜಾಗದಲ್ಲಿ ನೀರನ್ನು ಸುಮಾರು 5 ಡಿಗ್ರಿಗೆ ತಣಿಸಿ, ನೆಲದಡಿಯ ಪೈಪಿನಲ್ಲಿ ಬಿಲ್ಡಿಂಗಿಂದ ಬಿಲ್ಡಿಂಗಿಗೆ ಕಳಿಸ್ತಾರೆ. ನಮ್ಮ ಮನೆಯ ಸೂರಿನೊಳಗಿರೋ ಫ್ಯಾನು ಆ ತಣ್ಣನೆ ಪೈಪಿನ ಮೇಲೆ ಗಾಳಿ ಬೀಸಿ ಜಾಲರಿಯಿಂದ ಕೆಳಗೆ ಬಿಡ್ತದೆ. ಗೋಡೆಯಲ್ಲೊಂದು ಪುಟ್ಟ ಗುಂಡಿಗಳ ಫಲಕ, ಅಷ್ಟೇ. ಎಷ್ಟೋ ಮನೆಗಳಲ್ಲಿ ಇದರ ಖರ್ಚು ಬಾಡಿಗೆಯಲ್ಲೇ ಸೇರಿರ್ತದೆ. ಮನೆ ಬಾಡಿಗೆಯ ಜಾಹೀರಾತಿನಲ್ಲಿ "ಚಿಲ್ಲರ್ ಫ್ರೀ" ಅಂತ ನೋಡಿರ್ತೀರಿ. ಫ್ರೀ ಅಂದ್ಮೇಲೆ ಕೇಳ್ಬೇಕಾ? 20ರಲ್ಲಿಟ್ಟು ಕಂಬಳಿ ಹೊದ್ದು ಮಲಗೋದು.

ನಾವೂ 22ರಲ್ಲಿ ಇಡ್ತಿದ್ವಿ. ಅದಕ್ಕೆ ಕಾರಣಾನೂ ಇತ್ತು. ಹೆರಿಗೆಯಾದ ಮೊದಲ ಕೆಲವು ವಾರ ಹಾರ್ಮೋನ್ ಇಳಿಯೋದ್ರಿಂದ ಹೆಂಗಸರಿಗೆ ರಾತ್ರಿ ಸಿಕ್ಕಾಪಟ್ಟೆ ಬೆವರು. ನನ್ನ ಹೆಂಡತಿ ರಾತ್ರಿ ಎರಡು ಸಲ ನೈಟಿ ಬದಲಾಯಿಸ್ತಿದ್ಳು. ಅಮ್ಮನ ಲೆಕ್ಕವೇ ಬೇರೆ. ಬಾಣಂತಿ ಅಂದ್ರೆ ಹಂಡೆ ತುಂಬಾ ಬಿಸಿನೀರು, ಮುಚ್ಚಿದ ಕೋಣೆ, ಕಿವಿಗೆ ಹತ್ತಿ, ಕೆಂಡದ ಮೇಲೆ ಧೂಪ. ಸೊಸೆ ಎಸಿ ಕೆಳಗೆ ಬರಿಗಾಲಲ್ಲಿ ನಡೆಯೋದನ್ನು ನೋಡಿದಾಗೆಲ್ಲ ಅಮ್ಮನ ಮುಖ ನೋಡ್ಬೇಕಿತ್ತು! ಆದ್ರೆ ಒಂದು ಮಾತೂ ಆಡ್ಲಿಲ್ಲ. ಮಗ ಸೊಸೆಯ ಮನೆ, ಅವರ ಕ್ರಮ, ನಾನು ಎರಡು ತಿಂಗಳು ಇದ್ದು ಹೋಗುವವಳು ಅಂತ.

ಒಂದೇ ಒಂದು ಸಲ ಕೇಳಿದ್ದಳು. ಒಂದು ರಾತ್ರಿ ಊಟ ಆದ್ಮೇಲೆ ಮೆಲ್ಲಗೆ, "ಮಗಾ, ಎಸಿ ಸ್ವಲ್ಪ ಕಮ್ಮಿ ಮಾಡ್ಲಿಕ್ಕೆ ಆಗ್ತದಾ?" ಅಂದ್ಳು. ನಾನು ಟೀವಿ ನೋಡ್ತಾ ಎದ್ದು ಹೋಗಿ ಕಮ್ಮಿ ಮಾಡಿದೆ. 22ರಿಂದ 20ಕ್ಕೆ.

ನಗ್ಬೇಡಿ. ಇದು ನಮ್ಮಲ್ಲಿ ದಿನಾ ಆಗೋ ಎಡವಟ್ಟು. ಅಮ್ಮನಿಗೆ ಕಮ್ಮಿ ಅಂದ್ರೆ ಚಳಿ ಕಮ್ಮಿ. ನಮಗೆ ಕಮ್ಮಿ ಅಂದ್ರೆ ನಂಬರ್ ಕಮ್ಮಿ. ಅಮ್ಮ ಅದಾದ್ಮೇಲೆ ಮತ್ತೆ ಕೇಳ್ಲಿಲ್ಲ. ಕೇಳಿದ್ರೆ ಇನ್ನೂ ಜಾಸ್ತಿ ಮಾಡ್ತಾನೆ ಅಂದ್ಕೊಂಡಿರ್ಬೇಕು ಪಾಪ.

ಆಗಸ್ಟಿನ ಒಂದು ಮಧ್ಯಾಹ್ನ ತಲೆನೋವು ಅಂತ ಎರಡೂವರೆಗೇ ಆಫೀಸಿಂದ ಮನೆಗೆ ಬಂದೆ. ಬೀಗ ತೆಗೆದ್ರೆ ಹಾಲ್ ಖಾಲಿ. ತೊಟ್ಟಿಲು ಖಾಲಿ. ಅಡುಗೆಮನೆ, ಬಚ್ಚಲು, ಎರಡೂ ಕೋಣೆ... ಯಾರೂ ಇಲ್ಲ. ಎದೆ ಧಸಕ್ಕೆಂದಿತು. ಆಮೇಲೆ ಪರದೆ ಸರಿಸಿ ನೋಡಿದ್ರೆ ಬಾಲ್ಕನಿಯಲ್ಲಿ ಗೋಡೆಯ ಒಂದಡಿ ನೆರಳಿನಲ್ಲಿ ಪ್ಲಾಸ್ಟಿಕ್ ಸ್ಟೂಲು, ಅದರ ಮೇಲೆ ಅಮ್ಮ, ಮಡಿಲಲ್ಲಿ ಮಗು. ಹೊರಗೆ 44 ಡಿಗ್ರಿ. ಮಗುವಿಗೆ ಉಲ್ಲನ್ ಟೊಪ್ಪಿ, ಎರಡು ಅಂಗಿ, ಮೇಲೊಂದು ಶಾಲು. ಮುಖ ಕೆಂಪಗೆ, ಕತ್ತೆಲ್ಲ ಒದ್ದೆ.

"ಒಳಗೆ ಕೂತ್ರೆ ಮೂಳೆ ಕೊರೀತದೆ ಮಗಾ. ಇಲ್ಲಿ ಸ್ವಲ್ಪ ಬೆಚ್ಚಗೆ ಆಗ್ತದೆ. ಹತ್ತೇ ನಿಮಿಷ ಆದದ್ದು" ಅಂದ್ಳು. ಆಮೇಲೆ ಗೊತ್ತಾಯ್ತು, ಮೂರು ವಾರದಿಂದ ದಿನಕ್ಕೆರಡು ಸಲ ಹೀಗೇ ನಡೀತಿತ್ತು. ಉಳಿದ ಹೊತ್ತು ಅಡುಗೆಮನೆಯ ಬಾಗಿಲು ಹಾಕ್ಕೊಂಡು ಒಲೆಯ ಪಕ್ಕ ಮಗುವನ್ನಿಟ್ಕೊಂಡು ಕೂರ್ತಿದ್ದಳಂತೆ.

ನಾನು ರೇಗಿದೆ. ಈಗ ನೆನೆಸ್ಕೊಂಡ್ರೆ ನಾಚಿಕೆ ಆಗ್ತದೆ, ಆದ್ರೆ ರೇಗಿದ್ದು ನಿಜ. ಮಗುವಿನ ಬಟ್ಟೆ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ರಿಜ್ಜಿನಲ್ಲಿ ತೆಗೆದಿಟ್ಟ ಹಾಲು ಬೆಚ್ಚಗೆ ಮಾಡಿ ಕುಡಿಸಿದ್ವಿ. ಗಟಗಟ ಕುಡೀತು. ಸಂಜೆ ಮಕ್ಕಳ ಡಾಕ್ಟರ ಹತ್ತಿರ ಓಡಿದ್ವಿ. ಅಮ್ಮನೂ ಬಂದ್ಳು, ಇಡೀ ದಾರಿ ಒಂದು ಮಾತಿಲ್ಲ.

ಡಾಕ್ಟರಮ್ಮ ಮಲಯಾಳಿ. ಮಗುವನ್ನು ಪರೀಕ್ಷೆ ಮಾಡಿ, ಏನೂ ತೊಂದರೆ ಇಲ್ಲ, ಬೆವರುಸಾಲೆ ಅಷ್ಟೇ ಅಂದ್ರು. ಆಮೇಲೆ ಸಾವಕಾಶ ಬಿಡಿಸಿ ಹೇಳಿದ್ರು. ಎಳೆ ಮಗು ತನ್ನ ಮೈಯ ಬಿಸಿಯನ್ನು ಹೊರಹಾಕೋದು ಬಹಳಮಟ್ಟಿಗೆ ತಲೆಯಿಂದ. ಮನೆಯೊಳಗೆ ಮಲಗಿಸುವಾಗ ಟೊಪ್ಪಿ ಬೇಡ, ಮುಖದ ಹತ್ತಿರ ಸಡಿಲ ಶಾಲು ಬೇಡ. ಜಾಸ್ತಿ ಹೊದೆಸಿ ಮೈ ಬಿಸಿಯಾಗೋದು, ನಿದ್ದೆಯಲ್ಲಿ ಮಗು ಹಠಾತ್ತನೆ ತೀರಿಕೊಳ್ಳೋ ಪ್ರಕರಣಗಳಿಗೆ ಒಂದು ಕಾರಣ ಆಗಬಹುದು ಅಂತ ವೈದ್ಯರು ಹೇಳ್ತಾ ಬಂದಿದ್ದಾರೆ. ಕೈಕಾಲು ತಣ್ಣಗಿದೆ ಅಂತ ಗಾಬರಿ ಆಗ್ಬೇಡಿ, ಎಳೆಮಕ್ಕಳ ಕೈಕಾಲು ಹಾಗೇ ಇರ್ತದೆ. ಎದೆ ಅಥವಾ ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ, ಅಲ್ಲಿ ಬೆಚ್ಚಗಿದ್ರೆ ಸಾಕು, ಬೆವರಿದ್ರೆ ಒಂದು ಬಟ್ಟೆ ತೆಗೀರಿ. ಹೊರಗಿನ ಬಿಸಿಲಿಗಂತೂ ತರಲೇಬೇಡಿ.

ಇಷ್ಟು ಹೇಳಿ ಅವರು ಅಮ್ಮನ ಕಡೆ ತಿರುಗಿದ್ರು. ತಮಗೆ ಬಂದ ಅರೆಬರೆ ಕನ್ನಡದಲ್ಲಿ, "ಅಮ್ಮಾ, ನಿಮಗೆ ಚಳಿ ಆಗ್ತದಾ?"

ಅಮ್ಮ ನನ್ನ ಮುಖ ನೋಡಿದ್ಳು. ಆಮೇಲೆ, "ಸ್ವಲ್ಪ" ಅಂದ್ಳು.

ಬಂದು ಒಂದು ತಿಂಗಳಾಗಿತ್ತು. ಆ ಪ್ರಶ್ನೆಯನ್ನು ಅಷ್ಟರವರೆಗೆ ಯಾರೂ ಕೇಳಿರ್ಲಿಲ್ಲ.

ಮರುದಿನ ಅಂಗಡಿಯಿಂದ ಕೋಣೆಯ ಉಷ್ಣತೆ ತೋರಿಸೋ ಒಂದು ಚಿಕ್ಕ ಥರ್ಮಾಮೀಟರ್ ತಂದೆ. ಗೋಡೆಯ ಫಲಕದಲ್ಲಿ 22 ಅಂತ ಇದ್ದಾಗ, ಅಮ್ಮ ಇಡೀ ದಿನ ಮಗುವನ್ನು ತೂಗ್ತಾ ಕೂರೋ ಸೋಫಾದ ಮೂಲೆಯಲ್ಲಿ ನೋಡಿದ್ರೆ 19! ಆ ಮೂಲೆ ಸರಿಯಾಗಿ ಜಾಲರಿಯ ಕೆಳಗೆ. ಫಲಕ ತೋರಿಸೋದು ತಾನಿರೋ ಗೋಡೆಯ ಉಷ್ಣತೆ, ನೀವು ಕೂತ ಜಾಗದ್ದಲ್ಲ. ಅದರ ಮೇಲೆ ಬೀಸೋ ಗಾಳಿ ಬೇರೆ. 19 ಡಿಗ್ರಿಯಲ್ಲಿ ಸುಮ್ಮನೆ ಕೂರೋದಕ್ಕೂ, 19 ಡಿಗ್ರಿಯ ಗಾಳಿ ಮೈಮೇಲೆ ಬೀಳೋದಕ್ಕೂ ತುಂಬಾ ವ್ಯತ್ಯಾಸ ಇದೆ. ನಮ್ಮ ಕರಾವಳಿಯಲ್ಲಿ ಜನವರಿ ಬೆಳಗ್ಗೆ 20ಕ್ಕೆ ಇಳಿದ್ರೆ ಎಲ್ಲರ ತಲೆಗೂ ಬೈರಾಸು. ಅಂಥ ಬೆಳಗ್ಗೆಯನ್ನು ಅಮ್ಮನಿಗೆ ದಿನದ ಇಪ್ಪತ್ನಾಲ್ಕು ಗಂಟೆ ಕೊಟ್ಟಿದ್ದೆ. ಅದೂ ಹತ್ತಿ ಸೀರೆಯಲ್ಲಿ, ಬರಿಗಾಲಲ್ಲಿ, ಟೈಲ್ಸ್ ನೆಲದ ಮೇಲೆ.

ವಯಸ್ಸಾದವರಿಗೆ ಚಳಿ ಜಾಸ್ತಿ ಅನ್ನೋದು ಬರೀ ಅಭ್ಯಾಸದ ಮಾತಲ್ಲ. ಮೈಯಲ್ಲಿ ಮಾಂಸಖಂಡ ಕಮ್ಮಿ ಆಗ್ತದೆ, ಚರ್ಮದಡಿಯ ಕೊಬ್ಬು ತೆಳ್ಳಗಾಗ್ತದೆ, ಮೈ ಹುಟ್ಟಿಸೋ ಬಿಸಿ ಕಮ್ಮಿ. ಥೈರಾಯ್ಡ್ ಕಮ್ಮಿ ಇದ್ರೆ, ರಕ್ತ ಕಮ್ಮಿ ಇದ್ರೆ ಚಳಿ ಇನ್ನೂ ಜಾಸ್ತಿ. ಬಿಪಿಗೆ ಕೊಡೋ ಕೆಲವು ಮಾತ್ರೆಗಳಿಂದಲೂ ಕೈಕಾಲು ತಣ್ಣಗಾಗ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಚಳಿ ದೇಶಗಳ ಮನೆಗಳಿಗೆ ಅಂತ ಹೇಳಿರೋ ಕನಿಷ್ಠ ಉಷ್ಣತೆ 18 ಡಿಗ್ರಿ, ಮುದುಕರು ಮಕ್ಕಳಿದ್ರೆ ಅದಕ್ಕಿಂತ ಹೆಚ್ಚು ಬೇಕಾಗಬಹುದು ಅಂತಾನೂ ಸೇರಿಸಿದೆ. ನಾವು ಮರುಭೂಮಿಯಲ್ಲಿ ಕೂತು ಆ ಗೆರೆಯ ಹತ್ತಿರ ಹೋಗಿದ್ವಿ ನೋಡಿ!

ಇನ್ನೊಂದು ವಿಷಯ. ಆಫೀಸುಗಳಲ್ಲಿ ಎಸಿ ಎಷ್ಟಿರಬೇಕು ಅನ್ನೋ ಲೆಕ್ಕ ಎಲ್ಲಿಂದ ಬಂತು ಗೊತ್ತಾ? 2015ರಲ್ಲಿ ನೆದರ್ಲೆಂಡ್ಸಿನ ಇಬ್ಬರು ವಿಜ್ಞಾನಿಗಳು ತೋರಿಸಿಕೊಟ್ಟ ಹಾಗೆ, ಆ ಲೆಕ್ಕದೊಳಗೆ ಕೂತಿರೋದು ನಲವತ್ತು ವರ್ಷದ, ಎಪ್ಪತ್ತು ಕಿಲೋ ತೂಕದ ಒಬ್ಬ ಗಂಡಸು. ಅಂದ್ರೆ ಹೆಚ್ಚುಕಮ್ಮಿ ನಾನೇ! ಎಲ್ಲರೂ ನನ್ನ ಹಾಗೇ ಅಂದ್ಕೊಂಡು ಅರವತ್ತೈದರ ಅಮ್ಮನನ್ನು ಜಾಲರಿ ಕೆಳಗೆ ಕೂರಿಸಿದ್ದೆ.

ಎಸಿ ಬರೋ ಮೊದಲು ಇಲ್ಲಿನವರು ಬೇಸಿಗೆ ಕಳೀತಿರ್ಲಿಲ್ವಾ? ದುಬೈಯ ಅಲ್ ಫಹೀದಿಗೆ ಹೋದ್ರೆ ಹಳೇ ಮನೆಗಳ ಮೇಲೆ ಬರ್ಜೀಲ್ ಅನ್ನೋ ಗಾಳಿಗೋಪುರ ನೋಡಬಹುದು. ಎತ್ತರದ ಗಾಳಿ ಹಿಡಿದು ಕೆಳಗಿನ ಕೋಣೆಗೆ ಇಳಿಸ್ತದೆ. ಅಬುಧಾಬಿಯ ಎಷ್ಟೋ ಕುಟುಂಬಗಳು ಬೇಸಿಗೆಗೆ ಲಿವಾ, ಅಲ್ ಐನ್‌ನ ಖರ್ಜೂರದ ತೋಟಗಳಿಗೆ ಹೋಗಿಬಿಡ್ತಿದ್ದವು. ನನಗಂತೂ ಎಸಿ ಬೇಕೇ ಬೇಕು, ಸುಳ್ಳು ಹೇಳೋದಿಲ್ಲ. ಆದ್ರೆ 20 ಬೇಕಿಲ್ಲ. ಇಲ್ಲಿನ ವಿದ್ಯುತ್ ಇಲಾಖೆಯೂ 24ರಲ್ಲಿಡಿ ಅಂತ ಹೇಳ್ತದೆ. ನಮ್ಮ ದೇಶದಲ್ಲಿ 2020ರಿಂದ ಸ್ಟಾರ್ ಗುರುತಿನ ಎಸಿಗಳೆಲ್ಲ ಕಾರ್ಖಾನೆಯಿಂದ 24ರಲ್ಲೇ ಬರ್ತವೆ.

ಸರಿ, ನಾವು ಮಾಡಿದ್ದೇನು? ಹಾಲ್ 25ಕ್ಕೆ ಇಟ್ವಿ. ಹೆಂಡತಿಯ ಕೋಣೆಯಲ್ಲಿ ಅವಳಿಗೆ ಬೇಕಾದಷ್ಟು. ಅಮ್ಮನ ಕೋಣೆ 26. ಜಾಲರಿಯ ಪಟ್ಟಿಗಳನ್ನು ಸೂರಿನ ಕಡೆ ತಿರುಗಿಸಿದೆ. ಪಟ್ಟಿ ತಿರುಗದ ಕಡೆ ಕರಾಮಾದ ಬಿಸ್ಕತ್ತು ರಟ್ಟು ನೆನಪಿಗೆ ಬಂತು, ಅದನ್ನೇ ಮಾಡಿದೆ. ಪೂರ್ತಿ ಮುಚ್ಚಬಾರದು, ಮುಚ್ಚಿದ್ರೆ ಅಲ್ಲಿ ನೀರು ಕಟ್ಟಿ ತೊಟ್ಟಿಕ್ಕಲು ಶುರುವಾಗ್ತದೆ. ಓರೆ ಮಾಡಿದ್ರೆ ಸಾಕು. ಸೋಫಾವನ್ನು ನಾಲ್ಕಡಿ ಸರಿಸಿದ್ವಿ. ನೆಲಕ್ಕೊಂದು ದಪ್ಪ ಚಾಪೆ, ಅಮ್ಮನಿಗೆ ಕಾಲುಚೀಲ, ಮನೆಯೊಳಗೆ ಹಾಕೋ ಚಪ್ಪಲಿ. ಕಾಲು ಬೆಚ್ಚಗಾದ್ರೆ ಅರ್ಧ ಚಳಿ ಹೋಯ್ತು ಅಂತ ಅಮ್ಮನೇ ಹೇಳಿದ್ಳು. ತುಂಬು ತೋಳಿನ ತೆಳು ಸ್ವೆಟರ್ ಒಂದು. ಫ್ಲಾಸ್ಕಿನಲ್ಲಿ ಕೊತ್ತಂಬರಿ ಜೀರಿಗೆ ಕಷಾಯ ಮಾಡಿಡೋದು, ಚಳಿಗೆ ಹೌದು, ನೀರು ಕುಡಿಯೋಕೂ ಹೌದು. ಎಸಿಯಲ್ಲಿ ಬಾಯಾರಿಕೆ ಗೊತ್ತಾಗೋದಿಲ್ಲ, ಬಾಯಿ ಒಣಗಿರ್ತದೆ. ರಾತ್ರಿ ಮಲಗುವಾಗ ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ ಅಮ್ಮನ ಕಾಲಬುಡಕ್ಕೆ (ಮಗುವಿನ ಹತ್ತಿರಕ್ಕೂ ಇಡಬಾರದು). ಸಂಜೆ ಬಿಸಿಲು ಇಳಿದ ಮೇಲೆ ಬಿಲ್ಡಿಂಗಿನ ಕೆಳಗೆ ಹತ್ತು ನಿಮಿಷ ನಡಿಗೆ, ಮಗುವನ್ನು ನಮ್ಮ ಕೈಗೆ ಕೊಟ್ಟು.

ಅಮ್ಮ ಮತ್ತೆ ಮಗುವಿಗೆ ಟೊಪ್ಪಿ ಹಾಕ್ಲಿಲ್ಲ. ಅವಳಿಗೆ ಮೈ ಕೊರೆಯೋ ಚಳಿ ಆಗ್ತಿದ್ದಾಗ ಮಗುವಿಗೂ ಹಾಗೇ ಆಗ್ತದೆ ಅಂತ ಹೊದೆಸ್ತಿದ್ದಳು. ತನ್ನ ಚಳಿ ಬಿಟ್ಟ ಮೇಲೆ ಮಗುವಿನ ಬಟ್ಟೆಯೂ ಕಮ್ಮಿ ಆಯ್ತು. ನಾವು ಎಷ್ಟು ಪಾಠ ಹೇಳಿದ್ರೂ ಆಗದ್ದು ಮೂರು ಡಿಗ್ರಿಯಲ್ಲಿ ಆಗಿಹೋಯ್ತು. ಇದು ಮಗು ನೋಡಿಕೊಳ್ಳೋಕೆ ಯಾರನ್ನು ಇಟ್ಟುಕೊಂಡವರೂ ನೆನಪಿಡಬೇಕಾದ ವಿಷಯ.

ಯಾರನ್ನು ಅಂದ್ರೆ, ಅಮ್ಮಂದಿರು ಮಾತ್ರ ಅಲ್ಲ. ದುಬೈಯ ಸ್ನೇಹಿತರೊಬ್ಬರ ಮನೆಯಲ್ಲಿ ಮಗುವಿನ ಕೋಣೆಯ ನೆಲದ ಮೇಲೆ ಹಾಸಿಗೆ ಹಾಸಿ ಮಲಗೋ ಹುಡುಗಿಯೊಬ್ಬಳಿದ್ದಳು, ಶ್ರೀಲಂಕಾದವಳು. ತಣ್ಣನೆ ಗಾಳಿ ಕೆಳಗೆ ಇಳೀತದೆ, ನೆಲದಲ್ಲಿ ಮಲಗಿದವರಿಗೆ ಚಳಿ ಹೆಚ್ಚು. ಅಮ್ಮನ ಕಥೆ ಆದ್ಮೇಲೆ ಒಮ್ಮೆ ಅಲ್ಲಿ ಉಳಿದಾಗ ಸುಮ್ಮನೆ ಕೇಳಿದೆ, ರಾತ್ರಿ ಚಳಿ ಆಗ್ತದಾ ಅಂತ. ಅವಳು ಮೊದಲು ಮನೆಯೊಡತಿಯ ಮುಖ ನೋಡಿದಳು, ಅಮ್ಮ ನನ್ನ ಮುಖ ನೋಡಿದ ಹಾಗೇ. ನನ್ನ ಅಮ್ಮನಿಗೆ ಮಗನ ಹತ್ತಿರ ಹೇಳಲು ಒಂದು ತಿಂಗಳು ಬೇಕಾಯ್ತು ಅಂದ್ರೆ, ಸಂಬಳಕ್ಕಿರೋ ಹುಡುಗಿ ಹೇಳ್ತಾಳೆ ಅಂತ ಕಾಯೋದು ಹೇಗೆ? ಆ ಸ್ನೇಹಿತರು ಒಳ್ಳೆಯವರು, ಮರುದಿನವೇ ಮಂಚ, ದಪ್ಪ ರಜಾಯಿ ತಂದ್ರು. ಅವರಿಗೆ ಹೊಳೆದೇ ಇರ್ಲಿಲ್ಲ, ಅಷ್ಟೇ. ನನಗೂ ಹೊಳೆದಿರ್ಲಿಲ್ಲ ಅಲ್ವಾ.

ಆದ್ದರಿಂದ ಗೆಳೆಯನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೇನೆ. ಕರೆಸಿಕೊಳ್ಳುವವರು ನೀವಾದ್ರೆ, ಅಮ್ಮ ಬಂದ ದಿನ ಮೊದಲು ಎಸಿಯ ಗುಂಡಿ ತೋರಿಸಿ. ತೋರಿಸಿದ್ರೆ ಸಾಲದು, ಅವರ ಕೈಯಲ್ಲೇ ಒತ್ತಿಸಿ. ಈ ಗುಂಡಿ ಒತ್ತಿದ್ರೆ ಬೆಚ್ಚಗೆ, ಈ ಗುಂಡಿ ಒತ್ತಿದ್ರೆ ತಣ್ಣಗೆ ಅಂತ ಕನ್ನಡದಲ್ಲಿ ಬರೆದು ಅಂಟಿಸಿ. ಕಮ್ಮಿ ಜಾಸ್ತಿ ಅಂತ ಬರೀಬೇಡಿ! ಎಷ್ಟರಿಂದ ಎಷ್ಟರವರೆಗೆ ಇಟ್ಟರೂ ತೊಂದರೆ ಇಲ್ಲ ಅಂತ ಹೇಳಿಬಿಡಿ. ಹೋಗುವವರು ನೀವಾದ್ರೆ, ದಾಕ್ಷಿಣ್ಯ ಬಿಟ್ಟು "ನಂಗೆ ಚಳಿ ಆಗ್ತದೆ, ಬೆಚ್ಚಗೆ ಮಾಡು" ಅಂತ ಹೇಳಿ. ಮಕ್ಕಳು ಬೇಜಾರು ಮಾಡ್ಕೊಳ್ಳೋದಿಲ್ಲ. ಸ್ವೆಟರ್ ತನ್ನಿ, ಯಾರಾದ್ರೂ ನಕ್ಕರೆ ನಗ್ಲಿ.

ಅಂದಹಾಗೆ ಕಳೆದ ಮೇ ತಿಂಗಳಲ್ಲಿ ಊರಿಗೆ ಹೋಗಿದ್ವಿ. ನಾವು ಬರ್ತೇವೆ ಅಂತ ಅಮ್ಮ ಒಂದು ಕೋಣೆಗೆ ಎಸಿ ಹಾಕಿಸಿದ್ದಳು. ಮನೆಯೊಳಗೆ ಕಾಲಿಟ್ಟ ಕೂಡ್ಲೇ ರಿಮೋಟನ್ನು ಸೊಸೆಯ ಕೈಗೆ ಕೊಟ್ಟು, "ನಿಂಗೆ ಎಷ್ಟು ಬೇಕೋ ಅಷ್ಟು ಇಡು ಮಗಾ, ನನ್ನನ್ನು ಕೇಳ್ಬೇಡ" ಅಂದ್ಳು. ಇವಳು 24ರಲ್ಲಿಟ್ಟಳು. ರಾತ್ರಿ ನೋಡಿದ್ರೆ ಅಮ್ಮ ಅದೇ ಅಬುಧಾಬಿ ಸ್ವೆಟರ್ ಹಾಕ್ಕೊಂಡು ಬಂದು ಮೊಮ್ಮಗಳ ಪಕ್ಕ ಮಲಗಿದ್ದಳು.